ದ್ವಾದಶಾದಿತ್ಯರ ವೈರಿ

ಬಾಗಲಕೋಟೆಯ ನವನಗರದಲ್ಲಿ ಯಾರ ಮನೆಯ ವಾಸ್ತುಶಾಂತಿಗೆ ಹೋದರೂ ಅಲ್ಲೊಬ್ಬ ವ್ಯಾಟ್ ಕಾಕಾ ಇರುತ್ತಾನೆ. ಉಳಿದವರು ದೇವರ ಮನೆ ನೋಡುತ್ತಾರೆ, ಅಡುಗೆಕಟ್ಟೆಯ ಕಲ್ಲು ಸವರುತ್ತಾರೆ. ಕಾಕಾ ಚಪ್ಪಲಿ ಬಿಡುವಾಗಲೇ ಕತ್ತು ಮೇಲೆತ್ತಿರುತ್ತಾನೆ. ಹೋಳಿಗೆಯ ತಾಟು ಮುಂದೆ ಬಂದರೂ ಮೊದಲ ಮಾತು, “ಇವು ಎಷ್ಟು ವ್ಯಾಟಿನವು ಅದಾವ್ರಿ?” ಯಜಮಾನ “ಅದೆಲ್ಲಾ ವೈರ್‌ಮನ್‌ಗೆ ಗೊತ್ರಿ” ಎಂದನೋ, ಮುಗಿಯಿತು. ಎಲೆಯಡಿಕೆಯ ತನಕ ಕಾಕಾನಿಗೆ ಕೆಲಸ ಸಿಕ್ಕಂತೆ.

ನವನಗರದ ಸೀಲಿಂಗಿಗೂ ಒಂದು ಚರಿತ್ರೆಯಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರಿನ ಓಣಿಗಳು ಹೋದವು. ತೊಲೆ, ಜಂತಿ, ಮಣ್ಣಿನ ಮಾಳಿಗೆ, ಅದರ ನಡುವಿನ ಬೆಳಕಿಂಡಿ ಎಲ್ಲ ಮುಳುಗಡೆಯಾಗಿ, ಪರಿಹಾರದ ರೊಕ್ಕದಲ್ಲಿ ಸೆಕ್ಟರ್ ಸೆಕ್ಟರಿಗೂ ಆರ್‌ಸಿಸಿ ಎದ್ದಿತು. ಆಮೇಲೆ ಆರ್‌ಸಿಸಿ ಕೆಳಗೆ ಪಿಒಪಿ ಬಂತು, ಪಿಒಪಿಗೆ ತೂತು ಬಿತ್ತು, ತೂತಿಗೊಂದು 50 ವ್ಯಾಟಿನ ಹ್ಯಾಲೊಜನ್ ಕುಳಿತಿತು. ಒಂದು ಹಾಲಿಗೆ ಹನ್ನೆರಡು.

“ಬಾಗಲಕೋಟಿ ಬ್ಯಾಸಿಗಿಗೆ ಮ್ಯಾಲಿನ ಒಬ್ಬ ಸೂರ್ಯ ಸಾಲಲಿಲ್ಲೇನ್ರಿ? ದ್ವಾದಶಾದಿತ್ಯರನ್ನ ತಂದು ಸೀಲಿಂಗಿನ್ಯಾಗ ಕೂಡಿಸೀರಲ್ಲ!”

ಆಮೇಲೆ ಲೆಕ್ಕ. ಕಾಕಾ ಗಣಿತದ ಮಾಸ್ತರಕಿ ಮಾಡಿ ನಿವೃತ್ತನಾದವನು. “12 ದೀಪ, 600 ವ್ಯಾಟ್. ದಿನಾ ಐದು ತಾಸು ಉರದ್ರ 3 ಯೂನಿಟ್, ತಿಂಗಳಿಗೆ 90. ಅದೇ ಜಾಗಾದಾಗ 7 ವ್ಯಾಟಿನ ಎಲ್‌ಇಡಿ ಹಾಕ್ರಿ, ತಿಂಗಳಿಗೆ 13 ಯೂನಿಟ್ ಸೈತ ಆಗೂದಿಲ್ಲ.” ಲೆಕ್ಕ ನೂರಕ್ಕೆ ನೂರು ಸರಿ, ಅದೇ ತೊಂದರೆ. 2015ರ ಕೊನೆಗೆ ಸರ್ಕಾರ ‘ಹೊಸ ಬೆಳಕು’ ಎಂದು 9 ವ್ಯಾಟಿನ ಎಲ್‌ಇಡಿ ಬಲ್ಬು ಹಂಚಿದಾಗಿನಿಂದ ಕಾಕಾ ಮದುವೆಗೆ ಆಯೇರಿ ಮಾಡುವುದೂ ಬಲ್ಬನ್ನೇ.

ಬರೀ ಬಾಯಿಮಾತಿನವನಲ್ಲ, ನಿಚ್ಚಣಿಕೆ ಏರುವವನು. ಬಾದಾಮಿಯಲ್ಲಿ ಮಗಳ ಮನೆ. ಅಳಿಯ ಆಫೀಸಿಗೆ ಹೋದದ್ದೇ ತಡ, ಕಾಕಾ ಮೇಲೇರಿ ಸೀಲಿಂಗಿನ ರಿಂಗ್ ಎಳೆದ. ಬದಿಯ ಎರಡು ಸ್ಪ್ರಿಂಗ್ ಟಪ್ಪೆಂದು ಬೆರಳಿಗೆ ಬಡಿದವು. ಹ್ಯಾಲೊಜನ್ನಿನ ಎರಡು ಮೊಳೆಗಾಲು ಕಿತ್ತು, ಅದೇ ಸಾಕೆಟ್ಟಿಗೆ ಎಲ್‌ಇಡಿ ಚುಚ್ಚಿದ. ಹನ್ನೆರಡೂ ಆದ ಮೇಲೆ ಸ್ವಿಚ್ ಒತ್ತಿದರೆ ಹಾಲ್ ತುಂಬ ಪಕಪಕ. ಒಂದು ಹತ್ತಿದರೆ ಇನ್ನೊಂದು ಆರುತ್ತದೆ. ಮಗಳು ಅಡುಗೆಮನೆಯಿಂದ ಹೊರಬಂದು, “ಅಪ್ಪಾ, ಬನಶಂಕರಿ ಜಾತ್ರಿ ನಾಟಕ ಕಂಪನಿಯವರು ಮನಿಗೇ ಬಂದಾರೇನ?” ಎಂದಳು. ಸೀಲಿಂಗಿನ ಒಳಗೆ ಕೂತ ಹಳೇ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹ್ಯಾಲೊಜನ್ನಿಗೆಂದೇ ಮಾಡಿದ್ದು. ಕೆಳಗಿನ ದೀಪ ಇಷ್ಟಾದರೂ ಕರೆಂಟು ಎಳೆಯಲೇಬೇಕೆಂಬುದು ಅದರ ಕಟ್ಟಳೆ. 7 ವ್ಯಾಟನ್ನು ಅದು ಲೆಕ್ಕಕ್ಕೇ ಹಿಡಿಯಲಿಲ್ಲ. ಹನ್ನೆರಡಕ್ಕೂ ಎಲ್‌ಇಡಿ ಡ್ರೈವರ್ ತರಿಸಿ ಕೂರಿಸಬೇಕಾಯಿತು. ಖರ್ಚು ಅಳಿಯನದು. ಮರುದಿನ ಅದೇ ಅಳಿಯ ಮಾವನನ್ನು ಗುಹೆ ತೋರಿಸಲು ಕರೆದೊಯ್ದರೆ, ಮೂರನೆಯ ಗುಹೆಯ ಮುಂದೆ ನಿಂತು ಕಾಕಾ, “578ರಾಗ ಮಂಗಳೇಶ ಕೊರಸ್ಯಾನ. ಒಂದು ಡೌನ್‌ಲೈಟ್ ಇಟ್ಟಾನೇನ ನೋಡ್ರಿ” ಎಂದ.

ಇಳಕಲ್ಲಿನ ಸೀರೆ ಅಂಗಡಿಯ ಕಥೆ ಬೇರೆ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಅಮೀನಗಡದ ತನಕ ಪಕ್ಕದವನಿಗೆ ವ್ಯಾಟ್, ಅಲ್ಲಿ ಕರದಂಟಿಗೆ ಬಿಡುವು, ಹುನಗುಂದದ ತನಕ ಮತ್ತೆ ಯೂನಿಟ್. ಅಂಗಡಿಯವ ಬೀಗರ ಪೈಕಿ. ಮಾತು ಮೀರಲಾರದೆ ಗಾದಿಯ ಮೇಲಿನ ಹ್ಯಾಲೊಜನ್ನೆಲ್ಲ ತೆಗೆಸಿ ಬೆಳ್ಳಗಿನ ಅಗ್ಗದ ಎಲ್‌ಇಡಿ ಹಾಕಿಸಿದ. ಹ್ಯಾಲೊಜನ್ ಬೆಳಕಿನಲ್ಲಿ ಕೆಂಪು ಧಾರಾಳವಾಗಿರುತ್ತದೆ, ಅಗ್ಗದ ಎಲ್‌ಇಡಿ ಸೊರಗುವುದೇ ಕೆಂಪಿನಲ್ಲಿ. ಇಳಕಲ್ ಸೀರೆಯ ಜೀವವೋ, ಆ ಟೋಪ್ ತೆನಿಯ ಕೆಂಪು ಸೆರಗು! ಗಿರಾಕಿ ಹೆಂಗಸೊಬ್ಬಳು ಸೆರಗು ಹಿಡಿದು ಬೀದಿಗೆ ಹೋದಳು, ಒಳಗೆ ಬಂದಳು, ಮತ್ತೆ ಹೋದಳು. “ಅಯ್ಯ, ಒಳಗ ಇಟ್ಟಂಗಿ ಬಣ್ಣ, ಹೊರಗ ಕುಂಕುಮ ಬಣ್ಣ. ಯಾವುದಕ್ಕ ರೇಟ್ ಹೇಳಾಕತ್ತೀರಿ ಅಣ್ಣಾರ?” ಅಂಗಡಿಯವ ಸಂಜೆಗೇ ಗಾದಿಯ ಮೇಲೆ ಎರಡು ಹ್ಯಾಲೊಜನ್ ಮರಳಿ ತೂಗುಹಾಕಿದ. ಕಾಕಾ ಮಣಿಯಲಿಲ್ಲ: “ಸಿಆರ್‌ಐ 90ರ ಮ್ಯಾಲಿನ ಮಾಲು ತರಬೇಕಿತ್ತು, ನೀವು ಚೌಕಾಶಿ ಮಾಡಿದ್ರಿ.” (ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದರ ಅಳತೆಯಾದ ಈ ಸಿಆರ್‌ಐಯನ್ನು ಕಾಕಾ ಕಲಿತದ್ದು ಸೀರೆ ಬೀದಿಗೆ ಹೋದ ಮೇಲೆಯೇ ಎಂದು ನನ್ನ ಗುಮಾನಿ.)

ನಿಜವಾದ ಪೆಟ್ಟು ಬಿದ್ದದ್ದು 2023ರ ಆಗಸ್ಟಿನಲ್ಲಿ, ಗೃಹಜ್ಯೋತಿಯಿಂದ. 200 ಯೂನಿಟ್ ತನಕ ಪುಕ್ಕಟೆ ಎಂದು ಊರೆಲ್ಲ ಹಿಗ್ಗಿತು. ಕಾಕಾ ಷರತ್ತು ಓದಿದ: 2022–23ರ ತಿಂಗಳ ಸರಾಸರಿ, ಅದರ ಮೇಲೆ ಶೇ. 10. ಅಷ್ಟೊತ್ತಿಗಾಗಲೇ ಉಳಿಸಿ ಉಳಿಸಿ ಕಾಕಾನ ಸರಾಸರಿ 60ಕ್ಕೆ ಇಳಿದಿತ್ತು, ಪಾಲಿಗೆ ಬಂದದ್ದು 66. ಕಾಕಾನ ಮಾತಿಗೆ ಎಂದೂ ಕಿವಿಗೊಡದೆ ದ್ವಾದಶಾದಿತ್ಯರನ್ನು ಉರಿಸಿಕೊಂಡೇ ಬಂದ ನೆರೆಮನೆಯವನದು 160, ಅವನಿಗೆ 176.

“ಈಗರ ತಗದು ಎಲ್‌ಇಡಿ ಹಾಕಪಾ” ಎಂದ ಕಾಕಾ, ಗೋಡೆಯ ಮೇಲಿಂದ.

“ಈಗ್ಯಾಕ ತಗೀಲಿ ಕಾಕಾ? ಫುಕಟ್ ಐತಲ್ಲ.”

ಮೇ ತಿಂಗಳಲ್ಲಿ ಮೊಮ್ಮಕ್ಕಳು ರಜಕ್ಕೆ ಬಂದರು, ಕೂಲರ್ ತಿರುಗಿತು, ಮೀಟರು 74 ತೋರಿಸಿತು. ಮೇಲಿನ 8 ಯೂನಿಟ್ಟಿಗೆ ಬಿಲ್ಲು ಬಂತು. ಕಾಕಾ ಅಂದೇ ಹೋಗಿ ಕಟ್ಟಿ, ಪಾವತಿಯನ್ನು ಅಂಗಿಯ ಕಿಸೆಯಲ್ಲಿ ಹೊರಗೆ ಕಾಣುವಂತೆ ಇಟ್ಟುಕೊಂಡು ನೆರೆಮನೆಯ ಬಾಗಿಲಲ್ಲಿ ನಿಂತ.

“ನೋಡು, ಈ ಓಣ್ಯಾಗ ಲೈಟಿನ ರೊಕ್ಕಾ ಕಟ್ಟಾಂವ ನಾ ಒಬ್ಬನ.”