ಬೇಸಿಗೆಗೆ ಶ್ರೀನಗರ, ಚಳಿಗೆ ಇಸ್ಲಾಮಾಬಾದ್

ಸುಖದ ನೌಕರಿ ಬೇಕೆಂದು ನಮ್ಮ ಹುಡುಗರು ಕೆಪಿಎಸ್‌ಸಿ, ಯುಪಿಎಸ್‌ಸಿ ಎಂದು ಕಣ್ಣು ಕೆಡಿಸಿಕೊಳ್ಳುತ್ತಾರೆ. ವಿಶ್ವಸಂಸ್ಥೆಯ ಸೇನಾ ವೀಕ್ಷಕರ ತಂಡದ ಬಗ್ಗೆ ಅವರಿಗೆ ಯಾರೂ ಹೇಳಿದಂತಿಲ್ಲ. ಕಾಶ್ಮೀರದ ಕದನವಿರಾಮದ ಮೇಲೆ ಕಣ್ಣಿಡಲು 1949ರಿಂದ ಬೀಡುಬಿಟ್ಟಿರುವ ತಂಡವಿದು. ಮೇ ಬಂತೆಂದರೆ ಇದರ ಮುಖ್ಯ ಕಚೇರಿ ಶ್ರೀನಗರಕ್ಕೆ ಬರುತ್ತದೆ. ನವೆಂಬರಿನಲ್ಲಿ ಗಂಟುಮೂಟೆ ಕಟ್ಟಿ ಇಸ್ಲಾಮಾಬಾದಿಗೆ ಹೊರಡುತ್ತದೆ. ಹೆಸರೇ ವೀಕ್ಷಕರು, ಪಾಪ, ವೀಕ್ಷಿಸುತ್ತಾರೆ. 1965 ಆಯಿತು, 1971 ಆಯಿತು, ಕಾರ್ಗಿಲ್ಲೂ ಆಯಿತು.

ಇವರನ್ನು ಬರಮಾಡಿಕೊಂಡವರು ನಾವೇ. 1948ರ ಜನವರಿ 1ರಂದು ನೆಹರೂ ಸರ್ಕಾರ ದೂರು ಹಿಡಿದು ಭದ್ರತಾ ಮಂಡಳಿಯ ಮೆಟ್ಟಿಲು ಹತ್ತಿತು. ಕಾಶ್ಮೀರಕ್ಕೆ ನುಗ್ಗಿದವರನ್ನು ಪಾಕಿಸ್ತಾನ ಮೊದಲು ಹಿಂದಕ್ಕೆ ಕರೆಸಬೇಕು, ಆಮೇಲೆ ಭಾರತ ಸೇನೆ ತಗ್ಗಿಸಬೇಕು, ಕೊನೆಗೆ ಜನಮತಗಣನೆ ಎಂದು ಏಪ್ರಿಲ್‌ನಲ್ಲಿ ನಿರ್ಣಯ ಹೊರಬಿತ್ತು. ಮೊದಲ ಮೆಟ್ಟಿಲನ್ನೇ ಹತ್ತದ ಪಾಕಿಸ್ತಾನ ಇಂದಿಗೂ ಕೊನೆಯದನ್ನಷ್ಟೇ ಬಾಯಿಪಾಠ ಒಪ್ಪಿಸುತ್ತದೆ. ನಮ್ಮ ಕೆಲವು ಬುದ್ಧಿಜೀವಿಗಳು ತಲೆದೂಗುತ್ತಾರೆ.

1972ರ ಶಿಮ್ಲಾ ಒಪ್ಪಂದದ ನಂತರ ಈ ತಂಡಕ್ಕೆ ಇಲ್ಲಿ ಕೆಲಸವಿಲ್ಲ ಎಂಬುದು ಭಾರತದ ನಿಲುವು. ಆದರೂ ದೆಹಲಿಯ ಪುರಾನಾ ಕಿಲಾ ರಸ್ತೆಯ ಸರ್ಕಾರಿ ಬಂಗಲೆಯಲ್ಲಿ ಅವರದು ಬಿಟ್ಟಿ ಬಿಡಾರವಾಗಿತ್ತು! ಖಾಲಿ ಮಾಡಿ ಎಂದು ಹೇಳಲು 2014 ಬರಬೇಕಾಯಿತು. ಹತ್ತು ತಿಂಗಳ ಅಡ್ವಾನ್ಸ್ ಇಲ್ಲದೆ ಗೇಟಿನ ಒಳಗೂ ಬಿಡದ ಬೆಂಗಳೂರಿನ ಮಾಲೀಕರನ್ನು ವಿದೇಶಾಂಗ ಇಲಾಖೆಗೆ ಸೇರಿಸಿಕೊಂಡಿದ್ದರೆ ಈ ಕೆಲಸ ಯಾವತ್ತೋ ಮುಗಿಯುತ್ತಿತ್ತು.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಭದ್ರತಾ ಮಂಡಳಿ ಮೂರೇ ದಿನದಲ್ಲಿ ಕಟುವಾಗಿ ಖಂಡಿಸಿತು. ಮೊದಲಿಗೆ ಹೊಣೆ ಹೊತ್ತುಕೊಂಡಿದ್ದ ಉಗ್ರ ಸಂಘಟನೆ ಟಿಆರ್‌ಎಫ್ ಹೆಸರು ಮಾತ್ರ ಹೇಳಿಕೆಯಲ್ಲಿ ಇರಲಿಲ್ಲ. ಅದನ್ನು ತೆಗೆಸಿದ್ದು ನಾವೇ ಎಂದು ಪಾಕಿಸ್ತಾನದ ವಿದೇಶಾಂಗ ಸಚಿವ ಇಶಾಕ್ ದಾರ್ ತಮ್ಮ ಸಂಸತ್ತಿನಲ್ಲೇ ಹೇಳಿಕೊಂಡರು. ಆರೋಪಿಯೇ ಠಾಣೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಎಫ್‌ಐಆರ್ ತಿದ್ದಿದಂತಾಯಿತು.

ಆ ವರ್ಷವೇ ಪಾಕಿಸ್ತಾನಕ್ಕೆ ಅದೇ ಮಂಡಳಿಯ ತಾಲಿಬಾನ್ ನಿರ್ಬಂಧ ಸಮಿತಿಯ ಅಧ್ಯಕ್ಷಗಿರಿಯೂ ಭಯೋತ್ಪಾದನೆ ನಿಗ್ರಹ ಸಮಿತಿಯ ಉಪಾಧ್ಯಕ್ಷಗಿರಿಯೂ ಒಲಿದವು. ಆಕ್ಷೇಪಿಸುವುದು ಹೇಗೆ? ಅರ್ಹತೆ ಇದೆಯಲ್ಲ! ಒಸಾಮಾ ಬಿನ್ ಲಾಡೆನ್ 2011ರಲ್ಲಿ ಸಿಕ್ಕಿದ್ದು ಅಬೋಟಾಬಾದ್‌ನಲ್ಲಿ, ಸೇನಾ ಅಕಾಡೆಮಿಯ ಪಕ್ಕದಲ್ಲಿ. ಇಷ್ಟು ಹತ್ತಿರದ ಅನುಭವ ಇನ್ಯಾವ ದೇಶಕ್ಕಿದೆ? 2025ರ ಮೇ 9ರಂದು, ಗಡಿಯಲ್ಲಿ ಡ್ರೋನ್‌ಗಳು ಹಾರಾಡುತ್ತಿದ್ದಾಗಲೇ, ಐಎಂಎಫ್ ಕೂಡ ಪಾಕಿಸ್ತಾನಕ್ಕೆ ಸುಮಾರು 100 ಕೋಟಿ ಡಾಲರ್ ಸಾಲದ ಕಂತು ಮಂಜೂರು ಮಾಡಿತು. ಭಾರತ ಮತದಾನದಿಂದ ದೂರ ಉಳಿಯಿತು. ಐಎಂಎಫ್ ಮಂಡಳಿಯಲ್ಲಿ ‘ಬೇಡ’ ಎಂದು ಮತ ಹಾಕುವುದು ಅಪರೂಪ. ಅಲ್ಲಿ ದೂರ ಉಳಿಯುವುದೇ ದೊಡ್ಡ ಪ್ರತಿಭಟನೆ.

ನಮ್ಮವರೂ ಏನು ಕಡಿಮೆಯಿಲ್ಲ. ವಿಶ್ವಸಂಸ್ಥೆ ಸತ್ತಿದೆ ಎಂದು ಬೆಳಗ್ಗೆ ಭಾಷಣ, ಅಲ್ಲೇ ಒಂದು ಕಾಯಂ ಕುರ್ಚಿ ಕೊಡಿ ಎಂದು ಸಂಜೆ ಅರ್ಜಿ. ಕೊಟ್ಟರೆ ಕೂರೋಣ, ಬೇಡವೆನ್ನಲು ನಾನ್ಯಾರು? ದೆಹಲಿ ಮೊದಲು ಶ್ರೀನಗರದ ವೀಕ್ಷಕರಿಗೆ ವರ್ಗಾವಣೆ ಆದೇಶ ಕೊಟ್ಟು, ಆಮೇಲೆ ಆ ಅರ್ಜಿಗೆ ಸಹಿ ಹಾಕಲಿ.