ಪರದೆ ಹಿಂದಿನ ನಾಟಕ: ಜೋಡಿಸುವ ಮತ್ತು ಬಳಸುವ ವಿಧಾನ

ಯಾರಿಗೆ ಈ ಕೈಪಿಡಿ

ಬಳ್ಳಾರಿ ಜಿಲ್ಲೆಯ ಯಶವಂತನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಜಾತ್ರೆಗೊಂದು ನಾಟಕ ಆಡುವವರಿಗೆ. ಮಹಾಭಾರತದ ಕಥೆಯ 'ರಕ್ತರಾತ್ರಿ' ನಾಟಕವನ್ನು ಅಪ್ಪನೂ ಆಡಿದ, ನಾವೂ ಆಡಿದೆವು, ಈ ವರ್ಷ ಬಣ್ಣದ ಕೋಣೆಯ ಗದ್ದಲವನ್ನೇ ನಾಟಕ ಮಾಡೋಣ ಎಂದು ಗುಡಿಕಟ್ಟೆಯ ಮೇಲೆ ಕೂತು ತೀರ್ಮಾನಿಸಿದವರಿಗೆ. ಭೀಮನ ಪಾರ್ಟೇ ಬೇಕು ಎಂದು ಹಟ ಹಿಡಿದವರು ಇಲ್ಲಿಗೇ ನಿಲ್ಲಿಸಿ ಗದೆ ಹುಡುಕಲು ಹೋಗಬಹುದು.

ಉತ್ಪನ್ನದ ಪರಿಚಯ

ಇಂಗ್ಲೆಂಡಿನ ಮೈಕೆಲ್ ಫ್ರೇನ್ 1970ರಲ್ಲಿ ತನ್ನದೇ ಪ್ರಹಸನವೊಂದನ್ನು ಪರದೆಯ ಪಕ್ಕದಿಂದ ನೋಡಿದ. ಎದುರಿಗಿಂತ ಹಿಂದೆಯೇ ಹೆಚ್ಚು ನಗು ಬರುತ್ತದೆ ಅನ್ನಿಸಿತು. ಅದರಿಂದ ಹುಟ್ಟಿದ್ದು 1982ರ 'ನಾಯ್ಸಸ್ ಆಫ್'. ಮೊದಲ ಅಂಕದಲ್ಲಿ ತಾಲೀಮು. ಎರಡನೆಯದರಲ್ಲಿ ಇಡೀ ಸೆಟ್ಟನ್ನು ಹಿಂದುಮುಂದಾಗಿ ತಿರುಗಿಸಿ, ಅದೇ ದೃಶ್ಯವನ್ನು ಬೆನ್ನ ಕಡೆಯಿಂದ ತೋರಿಸುತ್ತಾರೆ. ಮೂರನೆಯದರಲ್ಲಿ ಸರ್ವನಾಶ.

ಇದು ಪರದೇಶದ ಸರಕು ಎಂದು ಹಿಂಜರಿಯಬೇಡಿ. ಏಳನೇ ಶತಮಾನದಲ್ಲೇ ದೊರೆ ಹರ್ಷ ತನ್ನ ಸಂಸ್ಕೃತ ನಾಟಕ 'ಪ್ರಿಯದರ್ಶಿಕಾ'ದ ಮೂರನೇ ಅಂಕದಲ್ಲಿ ನಾಟಕದೊಳಗೊಂದು ನಾಟಕ ಇಟ್ಟಿದ್ದಾನೆ. ರಾಜನ ಪಾತ್ರ ಮಾಡಬೇಕಾದವಳು ನಾಯಕಿಯ ಸಖಿ ಮನೋರಮೆ. ಅವಳು ಹಿಂದೆ ಉಳಿದು, ನಿಜವಾದ ರಾಜನನ್ನೇ ರಂಗಕ್ಕೆ ಕಳಿಸುತ್ತಾಳೆ. ಎದುರಿಗೆ ಕೂತ ರಾಣಿಗೆ ತಿಳಿಯುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಬಣ್ಣದ ಕೋಣೆಯ ಕಿತಾಪತಿ ನಮ್ಮಲ್ಲಿ ಅಷ್ಟು ಹಳೆಯದು.

ಪೆಟ್ಟಿಗೆಯಲ್ಲಿ ಇರಬೇಕಾದದ್ದು

ಬಾಡಿಗೆ ಸೀನರಿ, ಸಫೇದ, ಇಂಗಳೀಕ, ಕಾಡಿಗೆ, ಕೊಬ್ಬರಿ ಎಣ್ಣೆ, ಮೀಸೆ ಅಂಟಿಸುವ ಗೋಂದು. ಗಡ್ಡ ಒಂದೇ ಇರಲಿ, ಅದನ್ನು ಹಂಚಿಕೊಳ್ಳುವ ಮುದುಕರು ಇಬ್ಬರಿರಲಿ. ಕಥೆ ತಾನಾಗಿ ಬೆಳೆಯುತ್ತದೆ. ಅದಿರು ಲಾರಿ ಓಡಾಡುವ ಸೀಮೆಯಾದ್ದರಿಂದ ಕೆಂಪು ಬಣ್ಣಕ್ಕೆ ಹೆಚ್ಚು ಖರ್ಚು ಮಾಡಬೇಡಿ. ಋಷಿಯ ಬಿಳಿ ಪಂಚೆಯನ್ನು ಮಾತ್ರ ಕೊನೇ ಗಳಿಗೆಯವರೆಗೆ ಚೀಲದಿಂದ ತೆಗೆಯಬೇಡಿ.

ಹೆಸರಿಗೆ 'ಅರ್ಥಾತ್' ಕಡ್ಡಾಯ. ಅದಿಲ್ಲದ ಹ್ಯಾಂಡ್‌ಬಿಲ್ಲನ್ನು ನಮ್ಮ ಕಡೆ ಯಾರೂ ನಾಟಕದ್ದೆಂದು ನಂಬುವುದಿಲ್ಲ. 'ಪರದೆ ಹಿಂದಿನ ಪರದಾಟ ಅರ್ಥಾತ್ ಗಡ್ಡ ಎಲ್ಲೈತಲೇ?' ಎಂದು ಅಚ್ಚು ಹಾಕಿಸಬಹುದು. ಉದ್ಘಾಟಕರ, ಜ್ಯೋತಿ ಬೆಳಗಿಸುವವರ, ಘನ ಉಪಸ್ಥಿತಿಯವರ ಹೆಸರಿಗೆ ಜಾಗ ಬಿಟ್ಟ ಮೇಲೆ ಉಳಿದದ್ದು ನಾಟಕಕ್ಕೆ.

ಜೋಡಣೆ

ಸೆಟ್ ತಿರುಗಿಸಲು ಚಕ್ರ ಬೇಕಿಲ್ಲ. ಅರಮನೆಯ ಪರದೆಯನ್ನು ಬಿಚ್ಚಿ ಉಲ್ಟಾ ಕಟ್ಟಿ. ಹಿಂಬದಿಯ ತೇಪೆ, ಬಿದಿರಿನ ಗಳ, ಸೀನರಿ ಮಾಲೀಕನ ಫೋನ್ ನಂಬರು ಜನರಿಗೆ ಕಂಡರೆ ಎರಡನೇ ಅಂಕ ಸಿದ್ಧ. ಆದರೆ ಬಣ್ಣದ ಕೋಣೆ ಮುಂದಕ್ಕೆ ಬಂದ ಮೇಲೆ, ಆ ನಾಟಕಕ್ಕೊಂದು ಬಣ್ಣದ ಕೋಣೆ ಎಲ್ಲಿ? ಭರತ ಮುನಿ ನಾಟ್ಯಗೃಹದ ಹಿಂಭಾಗದಲ್ಲಿ ನೇಪಥ್ಯ, ಅದಕ್ಕೆ ಎರಡು ಬಾಗಿಲು, ನಡುವೆ ವಾದ್ಯದವರು ಎಂದು ವಿಧಿಸಿದ್ದಾನೆ. ನಮಗಿರುವುದು ರಂಗದ ಹಿಂದಿನ ತಗಡಿನ ಕೋಣೆ, ಅದಕ್ಕೆ ಬಾಗಿಲು ಒಂದೇ, ಅದರಲ್ಲಿ ಊರಿನ ಅರ್ಧ ಹುಡುಗರು ನಿಂತಿರುತ್ತಾರೆ. ಅವರನ್ನು ಓಡಿಸಬೇಡಿ. ಅವರೂ ದೃಶ್ಯದ ಭಾಗ ಎಂದುಕೊಳ್ಳಿ, ಜನರೂ ಹಾಗೇ ಅಂದುಕೊಳ್ಳುತ್ತಾರೆ.

ತಪ್ಪುಗಳ ತಾಲೀಮು

ಈ ನಾಟಕದಲ್ಲಿ ನಟ ಮಾತು ಮರೆಯಬೇಕು, ತಪ್ಪು ಬಾಗಿಲಿನಿಂದ ಬರಬೇಕು, ಮೀಸೆ ಅರ್ಧ ಕಳಚಬೇಕು. ನಮ್ಮವರಿಗೆ ಇದೆಲ್ಲ ಕರಗತ ಎಂದು ನೀವು ನಗಬಹುದು. ಕರಗತವಾಗಿರುವುದೇ ಕಷ್ಟ. 'ಕುರುಕ್ಷೇತ್ರ'ದಲ್ಲಿ ವರ್ಷವರ್ಷ ತಪ್ಪದೆ ಮಾತು ಮರೆತ ದುರ್ಯೋಧನ, ಇಲ್ಲಿ ಮರೆಯುವುದನ್ನು ಮರೆತು ಪೂರ್ತಿ ಒಪ್ಪಿಸಿಬಿಡುತ್ತಾನೆ. ಎದುರಿನವನು ನಗಬೇಕಾದ ಜಾಗದಲ್ಲಿ ಬೆವರುತ್ತಾನೆ. ಬೇಕೆಂದು ಮಾಡುವ ತಪ್ಪಿಗೆ ನಿಜವಾದ ತಪ್ಪಿಗಿಂತ ಹೆಚ್ಚು ಶಿಸ್ತು ಬೇಕು: ಮೀಸೆ ಯಾವ ಅಕ್ಷರಕ್ಕೆ ಬೀಳಬೇಕು, ಪ್ರಾಂಪ್ಟರ್ ಯಾವ ಸಾಲನ್ನು ಗಟ್ಟಿಯಾಗಿ ಹೇಳಬೇಕು, ಕ್ಯಾಸಿಯೋ ಮಾಸ್ತರು ಶೋಕದ ನಡುವೆ ಎಷ್ಟು ಹೊತ್ತು ಕುಣಿತದ ಟ್ಯೂನ್ ಬಾರಿಸಬೇಕು. ಒಂದು ತಾಳ ಆಚೀಚೆ ಆದರೆ ಜನ ನಗುವುದಿಲ್ಲ, ಪಾಪ ಅನ್ನುತ್ತಾರೆ. ಹವ್ಯಾಸಿ ತಂಡಕ್ಕೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಆದ್ದರಿಂದ ನಾಟಕದೊಳಗಿನ ನಾಟಕವನ್ನು ಮೊದಲು ಒಂದೂ ತಪ್ಪಿಲ್ಲದೆ ಕಲಿಯಿರಿ. ಇದು ಕೈಪಿಡಿಯ ಅತ್ಯಂತ ಬೇಸರದ ಸೂಚನೆ, ಅತ್ಯಂತ ಅಗತ್ಯದ್ದೂ ಹೌದು.

ದೋಷ ಮತ್ತು ಪರಿಹಾರ

ಕರೆಂಟ್ ಹೋದರೆ: ಮುಂದುವರಿಸಿ. ನಾಯಕನ ಮಾವ ದೃಶ್ಯದ ನಡುವೆ ಆಹೇರಿ ಮಾಡಲು ಹತ್ತಿ ನೋಟು ಚುಚ್ಚಿದರೆ: ಮುಂದುವರಿಸಿ, ನೋಟು ಎಣಿಸುವುದನ್ನು ಪಾತ್ರದೊಳಗೇ ಸೇರಿಸಿಕೊಳ್ಳಿ. ಮುಖಂಡರು ತಡವಾಗಿ ಬಂದು ಸನ್ಮಾನಕ್ಕೆ ನಾಟಕ ನಿಲ್ಲಿಸಿದರೆ: ಪರಿಹಾರವಿಲ್ಲ.

ವಿಶೇಷ ಸೂಚನೆ

ಬರೆಯಲು ಕೂತಾಗ ಬಹುತೇಕರು ಗಡ್ಡ, ಮೀಸೆ, ಕುಡಿದ ಕೃಷ್ಣ ಇಷ್ಟಕ್ಕೇ ಪರದೆ ಎಳೆಯುತ್ತಾರೆ. ಕೋಣೆಯ ಮೂಲೆಯಲ್ಲಿ ತನ್ನದೇ ಕನ್ನಡಿ, ತನ್ನದೇ ಸೀರೆ ಪೆಟ್ಟಿಗೆ ಇಟ್ಟುಕೊಂಡು ಮೌನವಾಗಿ ಬಣ್ಣ ಹಚ್ಚಿಕೊಳ್ಳುವ ಕಲಾವಿದೆಯನ್ನು ನೋಡುವುದೇ ಇಲ್ಲ. ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕೆಂದು ವಾದಿಸಿದವರು ಬಳ್ಳಾರಿ ರಾಘವ (1880–1946). ವೃತ್ತಿಯಿಂದ ವಕೀಲರು, ರಂಗದ ಮೇಲೆ ನಿಮ್ಮಂತೆಯೇ ಹವ್ಯಾಸಿ. ಇದೇ ಜಿಲ್ಲೆಯ ಸುಭದ್ರಮ್ಮ ಮನ್ಸೂರರು 'ರಕ್ತರಾತ್ರಿ'ಯ ದ್ರೌಪದಿಯಾಗಿ ಮನೆಮಾತಾದರು. ಇವತ್ತಿನ ಹಳ್ಳಿಯ ನಾಟಕದಲ್ಲಿ ಲೆಕ್ಕ ವಿಚಿತ್ರವಾಗಿದೆ: ಗಂಡಸರು ದುಡ್ಡು ಕೊಟ್ಟು ಪಾರ್ಟು ಮಾಡುತ್ತಾರೆ, ಕಲಾವಿದೆ ದುಡ್ಡಿಗಾಗಿ ಮಾಡುತ್ತಾಳೆ. ನೀವು ತಿಂಗಳುಗಟ್ಟಲೆ ತಾಲೀಮು ಮಾಡಿದ್ದನ್ನು ಆಕೆ ಸಂಜೆ ಬಂದು ಒಂದು ಸಲ ಕೇಳಿಸಿಕೊಂಡು ಆಡುತ್ತಾಳೆ. ನಾಯಕ ಮಾತು ಮರೆತಾಗ ಅಳುವ ನೆಪದಲ್ಲಿ ತಲೆ ಬಾಗಿಸಿ ಅವನ ಸಾಲನ್ನೂ ಪಿಸುಗುಡುತ್ತಾಳೆ. ಚಪ್ಪಾಳೆ ಅವನಿಗೆ. ಬೆಳಗಾದರೆ ಬೇರೆ ಊರು, ಬೇರೆ ಗಂಡ, ಬೇರೆ ಶೋಕ.

ಪರದೆ ಹಿಂದಿನ ಬದುಕು ಅಂದರೆ ಇದು. ಗಡ್ಡದ ತಮಾಷೆ ಅದರ ಅಂಚು ಮಾತ್ರ. ಎರಡನೇ ಅಂಕದಲ್ಲಿ ಪರದೆ ಉಲ್ಟಾ ಆದಾಗ ಜನ ನೋಡಬೇಕಾದದ್ದು ಆಕೆಯ ತುಟಿಗಳನ್ನು. ಆ ಪಾತ್ರಕ್ಕೆ ನಾಟಕ ಕಂಪನಿಯಲ್ಲಿ ಪಳಗಿದ ಕಲಾವಿದೆಯನ್ನೇ ಕರೆಸಿ, ಮಾತುಗಳನ್ನು ಆಕೆಯಿಂದಲೇ ತಿದ್ದಿಸಿ. ನಿಮ್ಮ ಕವಿಗಿಂತ ಆಕೆಗೆ ಹೆಚ್ಚು ಗೊತ್ತು.

ಕೊನೆಯದಾಗಿ, ಒಪ್ಪಿದ ಸಂಭಾವನೆಯನ್ನು ನಾಂದಿ ಪದ್ಯಕ್ಕೂ ಮೊದಲೇ ಪೂರ್ತಿ ಕೊಟ್ಟುಬಿಡಿ, ಆಹೇರಿಯ ಲೆಕ್ಕ ಮುಗಿಯಲಿ ಎಂದು ಬೆಳಗಿನವರೆಗೆ ಕಾಯಿಸಬೇಡಿ. ಊರು ಸೇರಲು ಗಾಡಿಯನ್ನೂ ಮೊದಲೇ ಗೊತ್ತು ಮಾಡಿ.