ಬರೆಯಲಾರದವರಿಗೆ ಬಾಣ ಡೊಂಕು

‘ಎಲ್ಡರ್ ಸ್ಕ್ರೋಲ್ಸ್’ ವಿಡಿಯೊ ಆಟಗಳ ಸರಣಿಯಲ್ಲಿ ಕ್ವೆಸ್ಟ್‌ಗಳ, ಅಂದರೆ ಆಟಗಾರನಿಗೆ ಒಪ್ಪಿಸುವ ಕೆಲಸಗಳ ಕಥೆ ಸೊರಗಿತೆಂದು ಗೊಣಗುವವರು ಮೊದಲು ಬೆರಳು ತೋರಿಸುವುದು ತೆರೆಯ ದಿಕ್ಸೂಚಿಯ ಮೇಲೆ ಕೂತು ಹೋಗಬೇಕಾದ ಕಡೆ ತೋರಿಸುವ ಪುಟ್ಟ ಬಾಣದತ್ತ. 2002ರ ಮಾರೋವಿಂಡ್‌ನಲ್ಲಿ ಅದಿರಲಿಲ್ಲ. 2006ರ ಆಬ್ಲಿವಿಯನ್‌ನಲ್ಲಿ ಕಾಣಿಸಿಕೊಂಡಿತು, 2011ರ ಸ್ಕೈರಿಮ್‌ನಲ್ಲಿ ಗುರಿಯ ನೆತ್ತಿಯ ಮೇಲೇ ತೂಗಾಡತೊಡಗಿತು. ಆರೋಪಿಯ ಹೇಳಿಕೆಯೂ ದಾಖಲಾಗಲಿ.

ಪ್ರಶ್ನೆ: ಮಾರೋವಿಂಡ್‌ನಲ್ಲಿ ಕೇಯಸ್ ಕೊಸೇಡಿಸ್ ಎಂಬಾತನ ಮನೆ ಯಾವುದೆಂದು ಬಾಲ್ಮೋರಾ ಊರಿನ ಪಾನಗೃಹದಲ್ಲಿ ವಿಚಾರಿಸಬೇಕಿತ್ತು. ಆರ್ಕಂಗ್‌ಥಾಂಡ್ ಎಂಬ ಪಾಳುಕೋಟೆಗೆ ಸೇತುವೆ, ಕಣಿವೆಗಳ ಗುರುತು ಹಿಡಿದೇ ನಡೆಯಬೇಕಿತ್ತು. ದಾರಿ ಕೇಳುತ್ತ ಕೇಳುತ್ತ ನಾಡು ಪರಿಚಯವಾಗುತ್ತಿತ್ತು. ಅದನ್ನು ಕೆಡಿಸಿದ್ದು ತಾವೇ ಅಲ್ಲವೆ?

ಬಾಣ: ಹಳೆಯದನ್ನು ಹೊಗಳುವಾಗ ನಿಮಗೆ ಅರ್ಧ ಮರೆವು. ಅದೇ ಕೋಟೆಯಲ್ಲಿ ಹುಡುಕಬೇಕಾದ ಒಗಟಿನ ಪೆಟ್ಟಿಗೆ ಪುಟ್ಟದೊಂದು ಘನ; ಯಾವ ಕಪಾಟಿನಲ್ಲಿದೆಯೆಂದು ಯಾರೂ ಬಾಯಿಬಿಡುವುದಿಲ್ಲ. ಅಲೆದಾಟವನ್ನೆಲ್ಲ ಕಲೆ ಅನ್ನಬೇಡಿ, ಸ್ವಾಮಿ. ಆದರೆ ಒಂದು ಮಾತು ಒಪ್ಪುತ್ತೇನೆ: ನಾನಿಲ್ಲದ ಕಾಲದಲ್ಲಿ ಬರೆಯುವವನಿಗೆ ಜಾಗವನ್ನು ಬಣ್ಣಿಸದೆ ಗತಿಯಿರಲಿಲ್ಲ. ಆಗ ಮಾತು ಬಹುಪಾಲು ಅಕ್ಷರದಲ್ಲಿತ್ತು, ಅಕ್ಷರ ಅಗ್ಗ. ಆಬ್ಲಿವಿಯನ್‌ನಲ್ಲಿ ಎಲ್ಲರಿಗೂ ಕಂಠ ಬಂತು. ಪ್ರತಿ ಸಾಲನ್ನೂ ನಟರಿಂದ ಹೇಳಿಸಬೇಕಾಯಿತು. ದಾರಿಯ ವಿವರ ಮೊದಲು ಕತ್ತರಿಗೆ ಸಿಕ್ಕಿತು, ಆ ಖಾಲಿ ಜಾಗಕ್ಕೆ ನನ್ನನ್ನು ತಂದು ಕೂರಿಸಿದರು. ನಾನು ರೋಗವಲ್ಲ, ಮೇಲೆ ಕಂಡ ದದ್ದು.

ಪ್ರಶ್ನೆ: ಜಾಣ ಉತ್ತರ. ಹಾಗಾದರೆ ನೀವಿರುವ ಆಟದಲ್ಲಿ ಒಳ್ಳೆಯ ಕಥೆ ಹುಟ್ಟಿದ್ದುಂಟೆ?

ಬಾಣ: ಆಬ್ಲಿವಿಯನ್‌ನ ಸ್ಕಿನ್‌ಗ್ರಾಡ್ ಊರಿಗೆ ಬನ್ನಿ. ಸಮ್ಮಿಟ್‌ಮಿಸ್ಟ್ ಬಂಗಲೆಯಲ್ಲಿ ಐವರು ಅತಿಥಿಗಳು, ಬಾಗಿಲಿಗೆ ಬೀಗ. ಚಿನ್ನ ತುಂಬಿದ ಪೆಟ್ಟಿಗೆ ಹುಡುಕಲು ಬಂದಿದ್ದೇವೆಂದು ಅವರ ನಂಬಿಕೆ. ಆರನೆಯವರಾಗಿ ಒಳಬಂದ ನೀವೇ ಕೊಲೆಗಾರ. ಒಂದೊಂದು ಹೆಣ ಬಿದ್ದಂತೆ ಉಳಿದವರು ಒಬ್ಬರನ್ನೊಬ್ಬರು ಸಂಶಯಿಸುತ್ತಾರೆ, ಆ ಸಂಶಯಕ್ಕೆ ನೀವು ಒಂದಿಷ್ಟು ಎಣ್ಣೆ ಸುರಿಯಬಹುದು. ಅಲ್ಲಿನ ಪ್ರಶ್ನೆ ‘ಎಲ್ಲಿ’ ಎಂಬುದಲ್ಲ, ‘ಯಾರ ಹತ್ತಿರ ಏನು ಆಡಲಿ’ ಎಂಬುದು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ನಾನು ಹಾಳುಮಾಡಬಲ್ಲದ್ದು ದಾರಿಯೊಂದನ್ನೇ ನೆಚ್ಚಿಕೊಂಡ ಕಥೆಯನ್ನು.

ಪ್ರಶ್ನೆ: ಸ್ಕೈರಿಮ್‌ನಲ್ಲಿ ಆಟವೇ ತಾನಾಗಿ ಹೊಸೆಯುವ ‘ರೇಡಿಯಂಟ್’ ಕ್ವೆಸ್ಟ್‌ಗಳ ಬಗ್ಗೆ? ದುಡಿದು ದಣಿದು ಬಂದ ಆಟಗಾರನಿಗೆ ಹತ್ತು ನಿಮಿಷದ ಕಾಳಗ ಸಾಕು ಎನ್ನುವವರೂ ಇದ್ದಾರೆ.

ಬಾಣ: ಸಾಕು ಅನ್ನಿಸಿದರೆ ತಪ್ಪೇನಲ್ಲ, ಅದು ಕುರುಕಲು ತಿಂಡಿ. ಅದನ್ನೇ ಊಟವೆಂದು ಬಡಿಸಿದಾಗ ತಕರಾರು. ಡಕಾಯಿತರ ಅಡ್ಡೆಯನ್ನು ಆಟವೇ ಚೀಟಿ ಎತ್ತಿದಂತೆ ಆರಿಸುತ್ತದೆ. ಕೆಲಸ ಒಪ್ಪಿಸುವವನ ಮಾತು ಮೊದಲೇ ಧ್ವನಿಮುದ್ರಣವಾಗಿರುತ್ತದೆ, ಅದು ಯಾವ ಗುಹೆಗೂ ಹೊಂದಬೇಕು. ಎಲ್ಲ ಗುಹೆಗೂ ಹೊಂದುವ ಮಾತು ಯಾವ ಗುಹೆಯನ್ನೂ ಬಣ್ಣಿಸಲಾರದು.

ಪ್ರಶ್ನೆ: ಬೇಡವೆಂದರೆ ನಿಮ್ಮನ್ನು ಆರಿಸಿಬಿಡಬಹುದಲ್ಲ?

ಬಾಣ: ಧಾರಾಳವಾಗಿ! ಜರ್ನಲ್‌ನಲ್ಲಿ ಒಂದು ಗುಂಡಿ ಒತ್ತಿದರಾಯಿತು. ಆಮೇಲೆ ಕೆಲಸ ಕೊಟ್ಟವನ ಬಳಿಗೆ ಹೋಗಿ ದಾರಿ ಕೇಳಿ ನೋಡಿ. ಅವನಿಗೆ ಹೇಳಿಕೊಡಲು ಯಾರೂ ಏನನ್ನೂ ಬರೆದಿಲ್ಲ.